ಕೋಚ್ ಇರುವಾಗ ಟೆಕ್ನಿಕಲ್ ಡೈರೆಕ್ಟರ್ ಯಾಕೆ?

ಕೋಚ್ ಇದ್ದಾರೆ, ದುಡ್ಡು ಹಾಕೋಕೆ ಮಾಲೀಕರಿದ್ದಾರೆ, ಮಧ್ಯದಲ್ಲಿ ಈ ಟೆಕ್ನಿಕಲ್ ಡೈರೆಕ್ಟರ್‌ಗೆ ಏನು ಕೆಲಸ, ನಮ್ಮ ಬೆಂಗಳೂರು ಎಫ್‌ಸಿಯಂಥ ಕ್ಲಬ್‌ಗೂ ಇಂಥವರು ಬೇಕಾ ಅಂತ ಕೇಳಿದ್ದೀರಿ.

ಕೋಚ್ ಬಿಟ್ಟುಹೋದ ಮಾರನೇ ದಿನವೂ ಕ್ಲಬ್ ನೆಟ್ಟಗೆ ನಡೆಯುವ ಹಾಗೆ ನೋಡಿಕೊಳ್ಳುವುದೇ ಅವರ ಕೆಲಸ. ಕೋಚ್‌ಗೆ ಮುಂದಿನ ಮ್ಯಾಚ್ ಚಿಂತೆ. ನಾಲ್ಕು ಸಲ ಸೋತರೆ ಮನೆಗೆ ಕಳಿಸುತ್ತಾರೆ, ಹಾಗಾಗಿ ಅವರು ಹಾಗೆ ಯೋಚಿಸುವುದು ತಪ್ಪೂ ಅಲ್ಲ. ಆದರೆ 29 ವರ್ಷದ ಆಟಗಾರನಿಗೆ ಇನ್ನೂ ಐದು ವರ್ಷದ ಕಾಂಟ್ರಾಕ್ಟ್ ಕೊಡಬೇಕಾ ಬೇಡವಾ ಅನ್ನುವ ತೀರ್ಮಾನವನ್ನು, ದೀಪಾವಳಿವರೆಗೆ ಇರುತ್ತಾರೋ ಇಲ್ಲವೋ ಗೊತ್ತಿಲ್ಲದ ಕೋಚ್ ಕೈಗೆ ಬಿಡೋಕಾಗುತ್ತಾ? ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ಯಾರನ್ನು ಲೋನ್ ಮೇಲೆ (ಸ್ವಲ್ಪ ಕಾಲಕ್ಕೆ ಬೇರೆ ಕ್ಲಬ್‌ಗೆ) ಕಳಿಸಬೇಕು, ಅಕಾಡೆಮಿ ಹುಡುಗರಲ್ಲಿ ಯಾರು ಮೇಲಕ್ಕೆ ಬರಬೇಕು, ಮುಂದಿನ ಕೋಚ್ ಯಾರಾಗಬಹುದು, ಇದೆಲ್ಲ ಈ ಮನುಷ್ಯನ ಮೇಜಿನ ಮೇಲಿರುತ್ತೆ. ಹನ್ನೊಂದು ಜನರಲ್ಲಿ ಯಾರು ಆಡಬೇಕು ಅನ್ನುವುದು ಮಾತ್ರ ಕೋಚ್‌ದೇ. ಅಲ್ಲಿಗೆ ಕೈ ಹಾಕುವ ಡೈರೆಕ್ಟರ್ ಇದ್ದರೆ ಆ ಕ್ಲಬ್‌ನಲ್ಲಿ ಜಗಳ ಗ್ಯಾರಂಟಿ.

ಹುದ್ದೆಯ ಹೆಸರಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎಡು ಅನ್ನುವವರು 2019ರಲ್ಲಿ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್‌ಗೆ ಬಂದಾಗ ಟೆಕ್ನಿಕಲ್ ಡೈರೆಕ್ಟರ್, 2022ರಲ್ಲಿ ಸ್ಪೋರ್ಟಿಂಗ್ ಡೈರೆಕ್ಟರ್. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ 2021ರಲ್ಲಿ ಫುಟ್‌ಬಾಲ್ ಡೈರೆಕ್ಟರ್ ಒಬ್ಬರು, ಟೆಕ್ನಿಕಲ್ ಡೈರೆಕ್ಟರ್ ಇನ್ನೊಬ್ಬರು. ಬೋರ್ಡ್ ಮೇಲೆ ಏನು ಬರೆದಿದೆ ಅನ್ನುವುದಕ್ಕಿಂತ, ಆಟಗಾರನ ವಿಷಯದಲ್ಲಿ "ಬೇಡ" ಅನ್ನುವ ಅಧಿಕಾರ ಯಾರಿಗಿದೆ ಅಂತ ನೋಡಿ, ಸಾಕು.

ನಾನು ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್‌ನ ಅಭಿಮಾನಿ, ಹಾಗಾಗಿ ಹತ್ತಿರದಿಂದ ನೋಡಿದ ಉದಾಹರಣೆಯನ್ನೇ ಕೊಡುತ್ತೇನೆ. ಮೈಕಲ್ ಎಡ್ವರ್ಡ್ಸ್ ಅಂತ ಒಬ್ಬರು. 2011ರಲ್ಲಿ ಆಟದ ಅಂಕಿ-ಅಂಶ ನೋಡುವ ವಿಭಾಗಕ್ಕೆ ಬಂದವರು, 2016ರಲ್ಲಿ ಸ್ಪೋರ್ಟಿಂಗ್ ಡೈರೆಕ್ಟರ್ ಆದರು. 2017ರಲ್ಲಿ ವಿಂಗರ್ (ಮೈದಾನದ ಅಂಚಿನಿಂದ ದಾಳಿ ಮಾಡುವವನು) ಒಬ್ಬ ಬೇಕಿತ್ತು. ಕೋಚ್ ಯುರ್ಗನ್ ಕ್ಲಾಪ್ ಮನಸ್ಸು ಮೊದಲು ಜರ್ಮನಿಯ ಯೂಲಿಯನ್ ಬ್ರಾಂಡ್ ಮೇಲಿತ್ತು. ಎಡ್ವರ್ಡ್ಸ್ ಮತ್ತು ಅವರ ಜೊತೆಯವರು ಇಟಲಿಯ ರೋಮಾ ಕ್ಲಬ್‌ನ ಮೊಹಮ್ಮದ್ ಸಲಾ ಹೆಸರು ಹಿಡಿದು ಕೂತರು. ಸಲಾ ಅದಕ್ಕೂ ಮುಂಚೆ ಚೆಲ್ಸಿಯಲ್ಲಿ ಬೆಂಚು ಕಾಯಿಸಿ ಹೋದವನು, ಇಂಗ್ಲೆಂಡಿನಲ್ಲಿ ಅವನದು ಮುಗಿದ ಕಥೆ ಅನ್ನುವವರೇ ಜಾಸ್ತಿ. ಕ್ಲಾಪ್ ಕೊನೆಗೆ ಒಪ್ಪಿದರು, ಮುಂದೆ ಅದರ ಶ್ರೇಯವನ್ನೂ ಎಡ್ವರ್ಡ್ಸ್ ಮತ್ತು ಜೊತೆಯವರಿಗೇ ಕೊಟ್ಟರು. ಮೊದಲ ಸೀಸನ್‌ನಲ್ಲೇ ಸಲಾ ಹೊಡೆದದ್ದು 44 ಗೋಲು! ಅದೇ ಬೇಸಿಗೆಯಲ್ಲಿ ಕೆಳಗಿನ ಡಿವಿಷನ್‌ಗೆ ಜಾರಿದ್ದ ಹಲ್ ಸಿಟಿಯಿಂದ ಆಂಡಿ ರಾಬರ್ಟ್‌ಸನ್ ಬಂದ, ಸುಮಾರು 80 ಲಕ್ಷ ಪೌಂಡ್‌ಗೆ. ಆ ಮಾರ್ಕೆಟ್‌ನಲ್ಲಿ ಅದು ಚಿಲ್ಲರೆ ದುಡ್ಡು.

ಆಮೇಲೆ 2018ರ ಜನವರಿ. ಎಲ್ಲರ ಮುದ್ದಿನ ಕುಟಿನ್ಯೊನನ್ನು ಬಾರ್ಸಿಲೋನಾಗೆ ಮಾರಿದರು. ಎಲ್ಲ ಸೇರಿ 14 ಕೋಟಿ ಪೌಂಡ್‌ವರೆಗಿನ ಡೀಲ್. ನಮಗೆಲ್ಲ ಹೊಟ್ಟೆ ಉರಿದಿತ್ತು. ಆದರೆ ಅದೇ ಜನವರಿಯಲ್ಲಿ 7.5 ಕೋಟಿಗೆ ಡಿಫೆಂಡರ್ ವ್ಯಾನ್ ಡೈಕ್, ಜುಲೈನಲ್ಲಿ 6.5 ಕೋಟಿಗೂ ಸ್ವಲ್ಪ ಜಾಸ್ತಿ ಕೊಟ್ಟು ಗೋಲ್‌ಕೀಪರ್ ಅಲಿಸನ್. ಒಬ್ಬನನ್ನು ಮಾರಿದ ದುಡ್ಡು ತಂಡದ ಎರಡು ದೊಡ್ಡ ತೂತುಗಳಿಗೆ ಹೋಯಿತು. 2019ರಲ್ಲಿ ಯೂರೋಪಿನ ಚಾಂಪಿಯನ್ಸ್ ಲೀಗ್, ಮರುವರ್ಷ 30 ವರ್ಷಗಳ ಮೇಲೆ ಇಂಗ್ಲೆಂಡಿನ ಲೀಗ್ ಪಟ್ಟ. ಕ್ಲಾಪ್ ಇಲ್ಲದೆ ಇದು ಆಗುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಕುಟಿನ್ಯೊನನ್ನು ಮಾರುವ ಧೈರ್ಯ ಬರೀ ಕೋಚ್ ಆದವರಿಗೆ ಬರೋದು ಕಷ್ಟ, ಅಲ್ವಾ?

ಇನ್ನು ಆ ಕುರ್ಚಿ ಅಲ್ಲಾಡಿದರೆ ಏನಾಗುತ್ತೆ ಅನ್ನುವುದಕ್ಕೂ ಇದೇ ಕ್ಲಬ್ ಸಾಕ್ಷಿ. ಎಡ್ವರ್ಡ್ಸ್ 2022ರಲ್ಲಿ ಹೋದರು. ಜೂಲಿಯನ್ ವಾರ್ಡ್ ಬಂದು ಒಂದು ವರ್ಷಕ್ಕೆ ಬಿಟ್ಟರು, ಆಮೇಲೆ ಯೋರ್ಗ್ ಶ್ಮಾಡ್ಕೆ ಕೆಲವೇ ತಿಂಗಳು, 2024ರಲ್ಲಿ ರಿಚರ್ಡ್ ಹ್ಯೂಸ್. ಈ ಬಂದು ಹೋಗುವ ಗದ್ದಲದಲ್ಲಿ ಸಲಾ, ವ್ಯಾನ್ ಡೈಕ್, ಅಲೆಕ್ಸಾಂಡರ್-ಆರ್ನಾಲ್ಡ್ ಮೂವರ ಕಾಂಟ್ರಾಕ್ಟೂ ಒಟ್ಟಿಗೇ ಕೊನೇ ವರ್ಷಕ್ಕೆ ಬಂದು ನಿಂತವು. ಕಾಂಟ್ರಾಕ್ಟ್ ಮುಗಿದರೆ ಆಟಗಾರ ಪುಕ್ಕಟೆ ಹೋಗಬಹುದು, ಕ್ಲಬ್‌ಗೆ ಬಿಡಿಗಾಸೂ ಸಿಗಲ್ಲ. ಅದಕ್ಕೇ ಎರಡು ವರ್ಷ ಬಾಕಿ ಇರುವಾಗಲೇ ಒಂದೋ ಹೊಸ ಸಹಿ ಹಾಕಿಸಬೇಕು, ಇಲ್ಲಾ ಮಾರಬೇಕು. ಈ ಲೆಕ್ಕ ಇಡಬೇಕಾದ್ದು ಟ್ರೇನಿಂಗ್ ಗ್ರೌಂಡ್‌ನಲ್ಲಿ ಸೀಟಿ ಊದುವವರಲ್ಲ. ಕೊನೆಗೆ 2025ರ ಏಪ್ರಿಲ್‌ನಲ್ಲಿ ಇಬ್ಬರು ಸಹಿ ಹಾಕಿದರು, ಊರಿನ ಹುಡುಗ ಅಲೆಕ್ಸಾಂಡರ್-ಆರ್ನಾಲ್ಡ್ ಮಾತ್ರ ರಿಯಲ್ ಮ್ಯಾಡ್ರಿಡ್‌ಗೆ ಹೋದ. ಕೆಲ ವಾರ ಮುಂಚೆ ಬಿಟ್ಟುಕೊಟ್ಟಿದ್ದಕ್ಕೆ ಸ್ವಲ್ಪ ದುಡ್ಡು ಬಂತು, ಅಷ್ಟೇ. (ಅವನು ಹೇಗಿದ್ದರೂ ಹೋಗುತ್ತಿದ್ದನೇನೋ, ಆದರೆ ಸರಿಯಾದ ಬೆಲೆಗೆ ಹೋಗಬಹುದಿತ್ತು.)

ಅದೇ 2024-25ರ ಸೀಸನ್‌ನ ಇನ್ನೊಂದು ಮುಖ ನೋಡಿ. ಕ್ಲಾಪ್ ಹೋಗಿ ಕೋಚ್ ಆಗಿ ಆರ್ನೆ ಸ್ಲಾಟ್ ಬಂದರು. ಆ ಬೇಸಿಗೆಯಲ್ಲಿ ತಂಡಕ್ಕೆ ಹೊಸದಾಗಿ ಬಂದು ಸೇರಿದ್ದು ಫೆಡೆರಿಕೊ ಕಿಯೇಸಾ ಒಬ್ಬನೇ. ಹಳೇ ತಂಡವನ್ನೇ ಇಟ್ಟುಕೊಂಡು ಲೀಗ್ ಗೆದ್ದರು. ಇರುವ ಆಟಗಾರರಿಗೆ ಹೊಂದುವ ಕೋಚನ್ನು ಹುಡುಕಿದ್ದರಿಂದ ಆದದ್ದು ಅದು. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಇದರ ಉಲ್ಟಾ. 2013ರಲ್ಲಿ ಕೋಚ್ ಫರ್ಗ್ಯುಸನ್ ಹೋದಮೇಲೆ ಮೊಯೆಸ್, ವ್ಯಾನ್ ಹಾಲ್, ಮೊರಿನ್ಯೊ, ಸೋಲ್‌ಶೇರ್ ಅಂತ ಸಾಲಾಗಿ ಬಂದರು, ಪ್ರತಿಯೊಬ್ಬರದೂ ಬೇರೆ ಆಟ, ಬೇರೆ ಶಾಪಿಂಗ್ ಲಿಸ್ಟ್. 2021ರವರೆಗೆ ಅಲ್ಲಿ ಫುಟ್‌ಬಾಲ್ ಡೈರೆಕ್ಟರ್ ಅನ್ನುವ ಹುದ್ದೆಯೇ ಇರಲಿಲ್ಲ! 2024ರ ಜುಲೈನಲ್ಲಿ ಡ್ಯಾನ್ ಆಶ್‌ವರ್ತ್ ಅವರನ್ನು ಸ್ಪೋರ್ಟಿಂಗ್ ಡೈರೆಕ್ಟರ್ ಆಗಿ ತಂದು ಡಿಸೆಂಬರ್‌ನಲ್ಲಿ ಕಳಿಸಿಬಿಟ್ಟರು. ಕುರ್ಚಿ ಹಾಕಿದರೆ ಸಾಲದು, ಕೂತವರಿಗೆ ಟೈಮೂ ಕೊಡಬೇಕಲ್ವಾ?

ದಿನಾ ಇವರು ಮಾಡುವುದೇನು ಅಂತ ತಿಳಿಯಬೇಕಾದರೆ ಸ್ಪೇನಿನ ಸೆವಿಯಾ ಕ್ಲಬ್‌ನ ಮೊಂಚಿ ಬಗ್ಗೆ ಓದಿ. ಅಲ್ಲೇ ಗೋಲ್‌ಕೀಪರ್ ಆಗಿದ್ದವರು, 2000ದಲ್ಲಿ ಕ್ಲಬ್ ಎರಡನೇ ಡಿವಿಷನ್‌ಗೆ ಬಿದ್ದು ಕೈಯಲ್ಲಿ ಕಾಸಿಲ್ಲದಾಗ ಈ ಹುದ್ದೆಗೆ ಕೂರಿಸಿದರು. ಅವರೇ ವಿವರಿಸಿದ ಪದ್ಧತಿ ಸರಳ. ಸ್ಕೌಟ್‌ಗಳಿಗೆ, ಅಂದರೆ ಹೊಸ ಆಟಗಾರರನ್ನು ಗುರುತಿಸುವವರಿಗೆ, ಒಂದೊಂದು ದೇಶದ ಲೀಗ್ ಹಂಚಿರುತ್ತೆ. ಸೀಸನ್‌ನ ಮೊದಲ ಐದು ತಿಂಗಳು ಯಾರನ್ನೂ ಹುಡುಕುವುದಿಲ್ಲ, ಸುಮ್ನೆ ಮ್ಯಾಚ್ ನೋಡುವುದು, ಪ್ರತಿ ತಿಂಗಳು ಆ ಲೀಗ್‌ನ ಒಳ್ಳೇ ಹನ್ನೊಂದು ಜನರ ಪಟ್ಟಿ ಬರೆಯುವುದು. ಡಿಸೆಂಬರ್ ಹೊತ್ತಿಗೆ ಯಾರ ಹೆಸರು ಮತ್ತೆ ಮತ್ತೆ ಬಂದಿದೆಯೋ ಅವರನ್ನು ಸ್ವಂತ ಮೈದಾನದಲ್ಲಿ, ಹೊರಗಡೆ, ದೇಶದ ತಂಡದಲ್ಲಿ, ಬೇರೆ ಬೇರೆ ಜನ ಹೋಗಿ ನೋಡುತ್ತಾರೆ. ಹೀಗೆ ನೋಡಿ ನೋಡಿ ಆರಿಸುತ್ತಿದ್ದ ಕ್ಲಬ್ ಅದು. ಬ್ರೆಜಿಲ್‌ನಿಂದ ಅಗ್ಗಕ್ಕೆ ಬಂದ ಡಾನಿ ಆಲ್ವೆಸ್ 2008ರಲ್ಲಿ ಬಾರ್ಸಿಲೋನಾಗೆ ಭಾರೀ ಬೆಲೆಗೆ ಹೋದ, 2011ರಲ್ಲಿ ಬಂದ ರಾಕಿಟಿಚ್ 2014ರಲ್ಲಿ ಅದೇ ದಾರಿ ಹಿಡಿದ. ಕ್ಲಬ್ ಮಾತ್ರ 2006ರಿಂದ 2023ರೊಳಗೆ ಯೂರೋಪಿನ ಯುಇಎಫ್ಎ ಕಪ್ (ಆಮೇಲೆ ಅದರ ಹೆಸರೇ ಯೂರೋಪಾ ಲೀಗ್ ಆಯಿತು) ಏಳು ಸಲ ಗೆದ್ದಿತು. ಹಾಗಂತ ಮೊಂಚಿ ಮಂತ್ರವಾದಿಯಲ್ಲ. 2017ರಲ್ಲಿ ರೋಮಾಗೆ ಹೋದರು, ಎರಡು ವರ್ಷ ತುಂಬುವ ಮುಂಚೆ ಬಿಟ್ಟರು. ಊರು ಬದಲಾದರೆ ಕೈ ಹಿಡಿಯುವ ಜನವೂ ಬದಲಾಗುತ್ತಾರೆ.

ಈಗ ಬೆಂಗಳೂರು ಎಫ್‌ಸಿ. ಬೇಕು, ಯೂರೋಪಿನವರಿಗಿಂತ ಜಾಸ್ತಿನೇ ಬೇಕು. ಇಲ್ಲಿ ಕೋಚ್‌ಗಳು ಬೇಗ ಬದಲಾಗುತ್ತಾರೆ. 2018ರಿಂದ 2023ರ ಕೊನೆಯೊಳಗೆ ಕ್ವಾಡ್ರಾಟ್, ಪೆಜ್ಜಾಯೊಲಿ, ಗ್ರೇಸನ್, ಜರಗೋಜಾ ಎಲ್ಲರೂ ಬಂದರು. ಮೈದಾನದಲ್ಲಿ ಒಂದು ಸಲಕ್ಕೆ ನಾಲ್ಕೇ ವಿದೇಶಿಯರು ಅಂತ 2021ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಿಯಮ ಬಂದಮೇಲೆ ಉಳಿದ ಏಳು ಜನ ಭಾರತೀಯರೇ ಆಗಬೇಕು. ಸ್ಪೇನಿನಿಂದಲೋ ಇಂಗ್ಲೆಂಡಿನಿಂದಲೋ ಬಂದಿಳಿದ ಕೋಚ್‌ಗೆ ಮಣಿಪುರದ ಹುಡುಗ ಯಾರು, ತಮಿಳುನಾಡಿನ ಹುಡುಗ ಯಾರು ಅಂತ ಮೊದಲ ದಿನವೇ ಹೇಗೆ ಗೊತ್ತಾಗಬೇಕು? ಮಣಿಪುರದ ರೋಷನ್ ಸಿಂಗ್ 2021-22ರಲ್ಲಿ, ತಮಿಳುನಾಡಿನ ಶಿವಶಕ್ತಿ ಮರುವರ್ಷ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. ಇಬ್ಬರೂ ಬಿಎಫ್‌ಸಿಯವರೇ, ಎರಡು ವರ್ಷ ಇಬ್ಬರು ಬೇರೆ ಕೋಚ್‌ಗಳು. ಆ ಹುಡುಗರನ್ನು ಮೊದಲೇ ಕಂಡುಹಿಡಿದು ಅಕಾಡೆಮಿಯಲ್ಲೋ ಎರಡನೇ ತಂಡದಲ್ಲೋ ಬೆಳೆಸಿದವರು ಕ್ಲಬ್‌ನಲ್ಲಿ ಇದ್ದದ್ದಕ್ಕೇ ಅದು ಆಯಿತು. 2023ರಲ್ಲಿ ಹಿಂದಿನ ಡಿಫೆಂಡರ್ ಡ್ಯಾರೆನ್ ಕಾಲ್ಡೇರಾ ಅವರನ್ನು ಕ್ಲಬ್ ಡೈರೆಕ್ಟರ್ ಆಫ್ ಫುಟ್‌ಬಾಲ್ ಮಾಡಿತು. ಇಲ್ಲಿನ ಲೀಗ್‌ಗಳಲ್ಲಿ ವರ್ಷಗಟ್ಟಲೆ ಆಡಿ ಬಂದವರು. ನನ್ನ ಪ್ರಕಾರ ಆ ಜಾಗಕ್ಕೆ ಹೊರಗಿನ ದೊಡ್ಡ ಹೆಸರಿಗಿಂತ ಇಂಥವರೇ ಸರಿ.