ಸ್ಲಿಂಗ್ ಆಪರೇಷನ್ ನಡುವೆ ಮೂತ್ರಕೋಶದೊಳಗೆ ಕ್ಯಾಮೆರಾ ಹಾಕುವುದು ಯಾಕೆ?

ಪಟ್ಟಿಯನ್ನು ಒಳಗೆ ಸಾಗಿಸುವ ಸೂಜಿ ಮೂತ್ರಕೋಶವನ್ನು ಚುಚ್ಚಿಲ್ಲ ಅಂತ ಅಲ್ಲೇ ಖಚಿತ ಮಾಡಿಕೊಳ್ಳಲು.

ಕೆಮ್ಮಿದರೆ, ಬಿಎಂಟಿಸಿ ಬಸ್ಸು ಗುಂಡಿಗಿಳಿದರೆ ನಿಮ್ಮ ತಾಯಿಗೆ ಮೂತ್ರ ಸೋರುತ್ತದೆ ಅಂದಿದ್ದೀರಿ. ಅದಕ್ಕೆ ಮೂತ್ರ ಹೊರಬರುವ ನಾಳದ ನಡುಭಾಗದ ಕೆಳಗೆ ಸುಮಾರು 1 ಸೆಂ.ಮೀ. ಅಗಲದ ಜಾಲರಿ ಪಟ್ಟಿ ಇಡುತ್ತಾರೆ, ಅದೇ ಸ್ಲಿಂಗ್. ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ತಂಡ 1996ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಪಟ್ಟಿಯ ಎರಡೂ ತುದಿ ಯೋನಿಯ ಕಡೆಯಿಂದ ಮೇಲೇರಿ, ಕಿಬ್ಬೊಟ್ಟೆಯ ಕೆಳಗಿನ ಮೂಳೆಯ ಹಿಂದಿನಿಂದ ಹೊರಬರುತ್ತವೆ.

ತೊಂದರೆ ಇರುವುದು ಆ ದಾರಿಯಲ್ಲೇ. ಮೂಳೆಗೂ ಮೂತ್ರಕೋಶಕ್ಕೂ ನಡುವಿನ ಜಾಗ ಇಕ್ಕಟ್ಟು, ಸೂಜಿ ಹೋಗುವುದೋ ಕಣ್ಣಿಗೆ ಕಾಣದೆ, ಕೈ ಅಂದಾಜಿನಲ್ಲಿ. ಹಾಗಾಗಿ ಮೊದಲು ಕ್ಯಾತಿಟರ್‌ನಿಂದ (ಮೂತ್ರ ಹೊರತೆಗೆಯುವ ತೆಳು ಕೊಳವೆ) ಮೂತ್ರಕೋಶ ಖಾಲಿ ಮಾಡುತ್ತಾರೆ. ಕ್ಯಾತಿಟರ್‌ಗೆ ಗಟ್ಟಿ ಕಡ್ಡಿ ತೂರಿಸಿ ಮೂತ್ರಕೋಶದ ಕತ್ತನ್ನು ಆಚೆ ಬದಿಗೆ ಸರಿಸಿ, ಸೂಜಿಯನ್ನು ಮೂಳೆಗೆ ಒರೆಸಿದಂತೆ ಏರಿಸುತ್ತಾರೆ. ಹೊರಬದಿಗೆ ವಾಲಿದರೆ ದೊಡ್ಡ ರಕ್ತನಾಳಗಳಿವೆ.

ಇಷ್ಟಾದರೂ ಕೆಲವರಲ್ಲಿ ಚುಚ್ಚುತ್ತದೆ. ಅದಕ್ಕೇ ಸೂಜಿ ಏರಿಸಿದ ಮೇಲೆ ಎಲ್ಲರಲ್ಲೂ ಮೂತ್ರಕೋಶಕ್ಕೆ ನೀರು ತುಂಬಿಸಿ ಕ್ಯಾಮೆರಾದಲ್ಲಿ ನೋಡುತ್ತಾರೆ. ತುಂಬಿಸದಿದ್ದರೆ ಗೋಡೆಯ ಮಡಿಕೆಯಲ್ಲಿ ತೂತು ಅಡಗಿಬಿಡಬಹುದು. ಸೂಜಿ ಕಂಡರೆ ಹಿಂದಕ್ಕೆಳೆದು ಮತ್ತೆ ಹಾಕಿದರಾಯಿತು, ಸಾಮಾನ್ಯವಾಗಿ ಕೆಲವು ದಿನ ಕ್ಯಾತಿಟರ್ ಇಟ್ಟರೆ ತೂತು ತಾನೇ ಮಾಯುತ್ತದೆ. ಕಾಣದೇ ಹೋದರೆ ಜಾಲರಿ ಮೂತ್ರಕೋಶದೊಳಗೇ ಉಳಿದು ಕಲ್ಲು ಕಟ್ಟಬಹುದು, ಪದೇ ಪದೇ ಸೋಂಕು, ಕೊನೆಗೆ ಇನ್ನೊಂದು ಆಪರೇಷನ್.

ತೊಡೆಯ ಸಂದಿಯಿಂದ ಪಟ್ಟಿ ಹಾಕುವ ವಿಧಾನವೂ ಇದೆ. ಅದರಲ್ಲಿ ಮೂತ್ರಕೋಶಕ್ಕೆ ಅಪಾಯ ಕಡಿಮೆ, ತೊಡೆನೋವು ಜಾಸ್ತಿ. ನಿಮ್ಮ ತಾಯಿಗೆ ಯಾವುದು ಅಂತ ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ.