ಮೂಗಿನ ಗಡ್ಡೆಗೆ ಸಿ.ಟಿ. ಆದ ಮೇಲೂ ಎಂ.ಆರ್.ಐ. ಏಕೆ?

ಮಡಿಕೇರಿಯಲ್ಲಿ ಸಿ.ಟಿ. ಆದ ಮೇಲೂ ನಿಮ್ಮ ತಾಯಿಯನ್ನು ಎಂ.ಆರ್.ಐ.ಗೆಂದು ಮೈಸೂರಿಗೆ ಕಳಿಸುತ್ತಿರುವುದು ದಂಡದ ಖರ್ಚೇ ಎಂದು ಕೇಳಿದ್ದೀರಿ. ಅಲ್ಲ. ಸಿ.ಟಿ. ಮೂಳೆಯನ್ನು ಚೆನ್ನಾಗಿ ತೋರಿಸುತ್ತದೆ, ಎಂ.ಆರ್.ಐ. ಮೆದು ಭಾಗವನ್ನು. ಮೂಗಿಗೂ ಕಣ್ಣಿಗೂ ನಡುವಿನ ಮೂಳೆ ಕಾಗದದಷ್ಟು ತೆಳು. ಗಡ್ಡೆ ಅದನ್ನು ಕೊರೆದಿದೆಯೇ ಎಂಬುದು ಸಿ.ಟಿ.ಯಲ್ಲೇ ಸ್ಪಷ್ಟ.

ಆದರೆ ಗಡ್ಡೆ ದಾರಿ ಮುಚ್ಚಿದರೆ, ನಮ್ಮ ಆಟಿ ಮಳೆಗೆ ಕಟ್ಟಿಕೊಂಡ ತೋಟದ ಚರಂಡಿಯಂತೆ, ಹಿಂದಿನ ಸೈನಸ್‌ ಎಂಬ ಗಾಳಿಗೂಡಿನಲ್ಲಿ ಸಿಂಬಳ ನಿಲ್ಲುತ್ತದೆ. ಸಿ.ಟಿ.ಯಲ್ಲಿ ಗಡ್ಡೆ, ಸಿಂಬಳ ಎರಡೂ ಹೆಚ್ಚುಕಡಿಮೆ ಒಂದೇ ಬೂದು ಮುದ್ದೆ. ಎಂ.ಆರ್.ಐ.ಯಲ್ಲಿ ತೆಗೆಯುವ ಟಿ2 ಎಂಬ ಬಗೆಯ ಚಿತ್ರದಲ್ಲಿ ನೀರಂಶದ ಸಿಂಬಳ ಸಾಮಾನ್ಯವಾಗಿ ಬೆಳ್ಳಗೆ ಹೊಳೆಯುತ್ತದೆ, ಗಡ್ಡೆ ಮಂಕಾಗಿ ಉಳಿಯುತ್ತದೆ. ಮಿದುಳಿನ ಪೊರೆಗೆ ತಾಗಿದೆಯೇ ಎಂಬುದೂ ಅದರಲ್ಲೇ ಚೆನ್ನಾಗಿ ತಿಳಿಯುತ್ತದೆ. ಗಡ್ಡೆಯ ಜಾತಿ ಹೇಳುವುದು ಮಾತ್ರ ಚೂರು ತೆಗೆದು ನೋಡುವ ಬಯಾಪ್ಸಿ.