ಫಲಿತಾಂಶದಲ್ಲಿ ಮೊದಲಿರುವ ಜಿಲ್ಲೆಯಲ್ಲಿ ಹಳ್ಳಿಯ ಹದಿಹರೆಯದವರನ್ನು ಓದಿಸಿ ಇನ್ನೇನು ಬದಲಾಗಬೇಕು?

ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಉಡುಪಿ ಮತ್ತು ದಕ್ಷಿಣ ಕನ್ನಡ ಸಾಮಾನ್ಯವಾಗಿ ಮುಂದಿರುವಾಗ ಇಲ್ಲಿನ ಹಳ್ಳಿ ಮಕ್ಕಳ ಓದಿನಿಂದ ಸಮಾಜದಲ್ಲಿ ಹೊಸದಾಗಿ ಆಗಬೇಕಾದದ್ದೇನು, ಭಾನುವಾರಗಳಲ್ಲಿ ಬಿಡುವಿರುವ ತಮ್ಮಂಥವರು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ. ನಾನು ಉಡುಪಿ ಜಿಲ್ಲೆಯ ಹೆಬ್ರಿ ಕಡೆಯ ಸರಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಆಗಬೇಕಾದದ್ದು ಬಹಳ ಇದೆ. ಆದರೆ ಅಂಕಪಟ್ಟಿಯಲ್ಲಿ ಹುಡುಕಿದರೆ ಅದು ಕಣ್ಣಿಗೆ ಬೀಳುವುದಿಲ್ಲ.

2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಸ್ಥಾನ ಅದಲುಬದಲಾಯಿತು. ಹೆಮ್ಮೆಯ ಮಾತೇ ಸರಿ. ಆದರೆ ಶೇಕಡಾವಾರು ಲೆಕ್ಕ ಪರೀಕ್ಷೆಗೆ ಕುಳಿತವರದ್ದು. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವನು ಅದರಲ್ಲಿ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರೆಗೆ ಮಾತ್ರ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ 14 ತುಂಬಿದವರು ಅಪಾಯಕಾರಿಯಲ್ಲದ ಕೆಲಸಕ್ಕೆ ಸೇರಬಹುದು. ಓದುವ ಹಕ್ಕು ಮುಗಿಯುವ ವಯಸ್ಸಿಗೇ ದುಡಿಯುವ ಅನುಮತಿ! ಹುಡುಗರನ್ನು ಬೆಂಗಳೂರಿನ ಬೇಕರಿ ಕರೆಯುತ್ತದೆ. ಹುಡುಗಿಯರಿಗೆ ಮನೆಯಲ್ಲೇ ಕೆಲಸ ಕಾದಿರುತ್ತದೆ. ಸಂಜೆ ಮಕ್ಕಳ ಮನೆಗಳಿಗೆ ಹೋದರೆ ಈ ನೋಟ ಈಗಲೂ ಸಿಗುತ್ತದೆ: ಬೀಡಿಯ ತಡ್ಪೆ (ಮೊರ) ಮಗಳ ತೊಡೆಯ ಮೇಲೆ, ಪಾಠಪುಸ್ತಕ ಎದುರಿನ ಗೋಡೆಗೆ ಆನಿಸಿ. ಬೆರಳು ಎಲೆ ಸುತ್ತುತ್ತಿರುತ್ತದೆ, ತುಟಿ ಪ್ರಶ್ನೋತ್ತರ ಒಪ್ಪಿಸುತ್ತಿರುತ್ತದೆ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಇದೆ. ಆ ತಾಯಿಗೆ ಅದರ ಸುದ್ದಿ ತಲುಪುವಷ್ಟರಲ್ಲಿ ಆನ್‌ಲೈನ್ ಅರ್ಜಿಯ ಗಡುವು ಮುಗಿದಿರುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಸಹಾಯ ಮಾಡಲು ಬರುವವರೆಲ್ಲರೂ ಶೇಕಡಾ ತೊಂಬತ್ತು ಅಂಕ ದಾಟುವ ಮಕ್ಕಳನ್ನೇ ಹುಡುಕುತ್ತಾರೆ. ಆ ಮಕ್ಕಳು ಹೇಗೂ ಮಂಗಳೂರು, ಬೆಂಗಳೂರು, ದುಬೈ ಎಂದು ಹೋಗುತ್ತಾರೆ; ಹೋಗಲಿ, ಚೆನ್ನಾಗಿರಲಿ. ಊರಿನಲ್ಲಿ ಉಳಿಯುವುದು ನಲವತ್ತು, ಐವತ್ತು ಅಂಕದ ಆಸುಪಾಸಿನವರು. ಇನ್ನು ಹದಿನೈದು ವರ್ಷಕ್ಕೆ ಗ್ರಾಮ ಪಂಚಾಯತ್ ಸದಸ್ಯೆ, ಹಾಲಿನ ಸೊಸೈಟಿಯ ಕಾರ್ಯದರ್ಶಿ, ಆಶಾ ಕಾರ್ಯಕರ್ತೆ, ಆಟೋ ನಿಲ್ದಾಣದ ಮುಂದಾಳು ಆಗುವವರು ಅವರೇ. ನೀರು ಯಾರ ಮನೆಗೆ ಮೊದಲು ಬರಬೇಕು, ಯಾರ ಮಗಳು ಯಾರನ್ನು ಮದುವೆಯಾದರೆ ಊರು ಸುಮ್ಮನಿರಬೇಕು ಎಂಬುದನ್ನೆಲ್ಲ ತೀರ್ಮಾನಿಸುವವರೂ ಅವರೇ. ಸಮಾಜ ಬದಲಾಗಬೇಕೆಂದರೆ ನಿಮ್ಮ ಸಮಯ ಅವರಿಗೆ ಸಲ್ಲಬೇಕು.

ಏನು ಕಲಿಸಬೇಕು? ಪ್ರಶ್ನೆ ಕೇಳುವುದನ್ನು. ಕರ್ನಾಟಕದ ಗ್ರಾಮ ಪಂಚಾಯತ್‌ಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. ಹಲವೆಡೆ ಅದು ಸ್ವಾಗತ, ಭಾಷಣ, ಚಾಕೊಲೇಟ್ ಹಂಚುವುದರಲ್ಲಿ ಮುಗಿದುಹೋಗುತ್ತದೆ. ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು, ಗಣಿತದಲ್ಲಿ ಪಾಸಾಗುವುದೇ ಕಷ್ಟ. ಶಾಲೆ ಬಿಡುವುದಕ್ಕೆ ಸ್ವಲ್ಪ ಮೊದಲೇ ಅವಳ ಊರಿನ ಬಸ್ ಹೊರಟುಬಿಡುತ್ತಿತ್ತು. ಮುಂದಿನ ಬಸ್ಸಿಗೆ ಕಾದು ಮನೆ ಸೇರುವಾಗ ಕತ್ತಲು. ಹತ್ತನೆಯ ತರಗತಿಗೆ ಕಳಿಸುವುದಿಲ್ಲ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದರು. ಗೋಗರೆದರೆ ಯಾರೂ ಕೇಳುವುದಿಲ್ಲ, ಬರೆದಿಡು ಎಂದೆ. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಗೀಟು ಹಾಕಿ ದಿನಾಂಕ, ಬಸ್ ಹೊರಟ ಹೊತ್ತು, ನಿಲ್ದಾಣದಲ್ಲಿ ಉಳಿದ ಮಕ್ಕಳ ಸಂಖ್ಯೆ, ಮನೆ ಸೇರಿದ ಹೊತ್ತು ಎಂದು ಬರೆಯುತ್ತಾ ಹೋದಳು. ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಅಷ್ಟನ್ನೂ ಓದಿದಳು. "ಇದು ಖಾಸಗಿ ಬಸ್ಸು, ನಮ್ಮ ಕೈಯಲ್ಲಿಲ್ಲ" ಎಂದರು ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ). "ಪತ್ರ ಬರೆಯುವುದು ನಿಮ್ಮ ಕೈಯಲ್ಲಿದೆಯಲ್ಲ ಸರ್?" ಎಂದು ಅವಳು ಕೇಳಿದಳು. ಪತ್ರ ಹೋಯಿತು. ಸಮಯ ಬದಲಾಗಲು ತಿಂಗಳುಗಳೇ ಹಿಡಿದವು, ಆದರೆ ಬದಲಾಯಿತು. ನನಗೆ ಬಸ್ಸಿಗಿಂತ ದೊಡ್ಡದಾಗಿ ಕಂಡದ್ದು ಬೇರೆ: ಮಗಳನ್ನು ಬಿಡಿಸುತ್ತೇನೆ ಎಂದಿದ್ದ ಅಪ್ಪ ಮುಂದಿನ ದೊಡ್ಡವರ ಗ್ರಾಮಸಭೆಗೆ ಅವಳನ್ನು ಜೊತೆಗೇ ಕರೆದುಕೊಂಡು ಬಂದರು.

ಇದೇನೂ ನನ್ನ ಹೊಸ ಶೋಧವಲ್ಲ. 1990ರ ದಶಕದಲ್ಲೇ ಕುಂದಾಪುರದ ಹಳ್ಳಿಗಳಲ್ಲಿ ದುಡಿಯುವ ಮಕ್ಕಳ ಭೀಮ ಸಂಘವಿತ್ತು, ಮಕ್ಕಳೇ ಮತ ಹಾಕಿ ಆರಿಸುವ ಮಕ್ಕಳ ಪಂಚಾಯತ್‌ಗಳೂ ನಡೆದವು. ಅದಕ್ಕೂ ಒಂದು ಶತಮಾನ ಹಿಂದೆ, 1892ರಲ್ಲಿ, ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗೆಂದು ಶಾಲೆ ತೆರೆದು ಸ್ವಜಾತಿಯವರ ಬಹಿಷ್ಕಾರ ಎದುರಿಸಿದರು. ಕರಾವಳಿಯ ಆದಿವಾಸಿ ಸಮುದಾಯವಾದ ಕೊರಗರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 2000ದಲ್ಲಿ. ಮೂರೂ ಈ ನೆಲದ್ದೇ ಚರಿತ್ರೆ. ಪಠ್ಯದಲ್ಲಿ ಇರಲಿ ಬಿಡಲಿ, ನಾನು ಪ್ರತಿವರ್ಷ ಹೇಳುತ್ತೇನೆ. ಕೊರಗ ಕಾಲೊನಿಯ ಮಗು ಅದೇ ಬೆಂಚಿನಲ್ಲಿ ಕುಳಿತಿರುವಾಗ ಉಳಿದವರು ಇದನ್ನು ತಿಳಿದಿರಲೇಬೇಕು.

ಹುಡುಗರ ವಿಷಯದಲ್ಲಿ ನನಗೆ ಭಯ ಹೆಚ್ಚು. ನಮ್ಮ ಕರಾವಳಿಯಲ್ಲಿ ಹದಿನಾರರ ಹುಡುಗನಿಗೆ ಬೆನ್ನು ತಟ್ಟಿ "ನೀನು ಗಂಡಸು" ಎನ್ನುವವರು ಶಾಲೆಯ ಹೊರಗೆ ಕಾದಿರುತ್ತಾರೆ. ಬಸ್ಸಿನಲ್ಲಿ ಬೇರೆ ಧರ್ಮದ ಸಹಪಾಠಿಯ ಜೊತೆ ಮಾತನಾಡಿದ ಹುಡುಗಿಯ ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಕೆಲಸ ಇವನಿಗೆ ಬೀಳುತ್ತದೆ. ಮುಂದೆ ಹೊಡೆದಾಟ, ಪೊಲೀಸ್ ಪ್ರಕರಣ. ಗಲ್ಫಿನ ಕನಸು ಕಂಡವನು ಪಾಸ್‌ಪೋರ್ಟ್ ಪರಿಶೀಲನೆಯ ಹೊತ್ತಿಗೆ ಠಾಣೆ, ಕೋರ್ಟು ಎಂದು ಅಲೆಯುತ್ತಾನೆ. ಬೆನ್ನು ತಟ್ಟಿದವರು ಆಗ ಫೋನ್ ಎತ್ತುವುದಿಲ್ಲ. ಇಂಥ ಹುಡುಗನಿಗೆ ಉಪದೇಶ ನಾಟುವುದಿಲ್ಲ. ಅವನಿಗೆ ಬೇಕಾದದ್ದು ನಾಚಿಕೆಯಿಲ್ಲದೆ ಪ್ರಶ್ನೆ ಕೇಳಬಹುದಾದ ಒಬ್ಬ ದೊಡ್ಡವರು, ಸಂಜೆ ಹೋಗಿ ಕೂರಲು ಒಂದು ಜಾಗ ಮತ್ತು ಎಲ್ಲ ಜಾತಿ ಧರ್ಮದವರೂ ಇರುವ ಒಂದು ವಾಲಿಬಾಲ್ ತಂಡ.

ನೀವು ಶುರು ಮಾಡುವುದಾದರೆ ಹೊಸ ಸಂಸ್ಥೆ ಕಟ್ಟಲು ಹೋಗಬೇಡಿ. ಗ್ರಾಮ ಪಂಚಾಯತ್‌ನ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಎನ್ನುತ್ತಾರೆ, ಹೋಗಿ ಮೇಲ್ವಿಚಾರಕರನ್ನು ಮಾತನಾಡಿಸಿ. ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಎಂಟು, ಒಂಬತ್ತನೇ ತರಗತಿಯವರನ್ನು ಸೇರಿಸಿಕೊಳ್ಳಿ. ಹತ್ತನೆಯವರಿಗೆ ಟ್ಯೂಷನ್, ಮಾದರಿ ಪ್ರಶ್ನೆಪತ್ರಿಕೆ ಎಂದು ಈಗಾಗಲೇ ಉಸಿರುಗಟ್ಟಿರುತ್ತದೆ. ದಿನಪತ್ರಿಕೆಯ ಒಂದು ಸ್ಥಳೀಯ ಸುದ್ದಿ ಓದಿಸಿ, ಅದರ ಮೇಲೆ ಒಂದು ಅರ್ಜಿ ಬರೆಯಿಸಿ. ಶಾಲೆ ತೆರೆದ ಕೂಡಲೇ ವಿದ್ಯಾರ್ಥಿವೇತನಕ್ಕೆ ಬೇಕಾದ ಜಾತಿ, ಆದಾಯ ಪ್ರಮಾಣಪತ್ರ ಮತ್ತು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯನ್ನು ತಾಯಂದಿರ ಜೊತೆ ಕುಳಿತು ಸರಿಮಾಡಿಸಿ. ಮಕ್ಕಳ ಗ್ರಾಮಸಭೆ ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ಬರುತ್ತದೆ. ದಿನಾಂಕವನ್ನು ಪಂಚಾಯತ್‌ನಲ್ಲಿ ಈಗಲೇ ವಿಚಾರಿಸಿಕೊಳ್ಳಿ, ಕಳೆದ ವರ್ಷದ ಸಭೆಯ ನಡಾವಳಿಯ ಪ್ರತಿಯನ್ನೂ ಕೇಳಿ ಪಡೆಯಿರಿ. ಮಕ್ಕಳು ಏನು ಕೇಳಿದ್ದರು, ಏನು ಆಗಲಿಲ್ಲ ಎಂಬುದು ಅದರಲ್ಲೇ ಇರುತ್ತದೆ; ನಿಮ್ಮ ಮೊದಲ ಭಾನುವಾರಕ್ಕೆ ಅಷ್ಟು ಸಾಕು.